ಸೀಟು ಹೊಲಿಯುವ ಉಸ್ತಾದರು

ಉಸ್ತಾದರು ಹೋದರು ಎಂದು ಮೊನ್ನೆ ಅವರ ಮಗ ಫೋನು ಮಾಡಿ ಹೇಳಿದ. ವಯಸ್ಸು ತೊಂಬತ್ತು ಯಾವಾಗಲೋ ದಾಟಿತ್ತು. ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಅದರಲ್ಲಿ ಅಳುವಂಥದ್ದು ಏನೂ ಇಲ್ಲ. ನಾನು ಹೋಗಿ ಮುಖ ನೋಡಿ, ಅವರ ಸೊಸೆ ಕೊಟ್ಟ ಚಹಾ ಕುಡಿದು ಬಂದೆ. ಈಗ ನಮ್ಮ ಬಸ್ ವರ್ಕ್‌ಶಾಪಿನ ನಿವೃತ್ತರೆಲ್ಲ ಸೇರಿ ಒಂದು ಪುಸ್ತಕ ತರುತ್ತಾರಂತೆ. ಸೀಟು ವಿಭಾಗದಲ್ಲಿ ಅವರ ಕೈಕೆಳಗೆ ಕಲಿತವರ ಪೈಕಿ ನೀನೊಬ್ಬಳೇ ಉಳಿದಿದ್ದೀಯ, ಏನಾದರೂ ಬರೆದುಕೊಡು ಎಂದು ಬೆನ್ನು ಹತ್ತಿದರು. ನಾನು ಶಾಲೆ ಬಿಟ್ಟದ್ದು ಎಂಟನೆಯ ಇಯತ್ತೆಗೆ. ತಪ್ಪಿದ್ದಲ್ಲಿ ಅವರೇ ತಿದ್ದಿಕೊಳ್ಳಲಿ.

ಹೆಸರು ಬರೆಯುವುದಿಲ್ಲ. ವರ್ಕ್‌ಶಾಪಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಸಾಹೇಬರಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಉಸ್ತಾದ್. ಅವರೂ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. ಯಾರು ಯಾವ ಊರಿನಿಂದ ಬರುತ್ತಾರೋ ಅದೇ ಅವರ ಹೆಸರು. ದೊಡ್ಡ ಜೈಲಿರುವ ಹಿಂಡಲಗಾದಿಂದ ಬರುವ ಒಬ್ಬ ಫಿಟ್ಟರ್ ಇದ್ದ. "ಏ ಹಿಂಡಲಗಾ, ಇಲ್ಲಿ ಬಾ" ಎಂದು ಇವರು ಕೂಗಿದರೆ ಹೊಸಬರು ಅವನನ್ನು ಜೈಲಿನಿಂದ ಬಿಟ್ಟು ಬಂದವನೆಂದೇ ತಿಳಿದು ತಮ್ಮ ಊಟದ ಡಬ್ಬಿ ಒಳಗಿಡುತ್ತಿದ್ದರು. ನಾನು ಖಾನಾಪುರ.

ನಾನು ಅಲ್ಲಿಗೆ ಹೋದದ್ದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ. ಅಪ್ಪ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಹಸಿ ಹಂಚು ಹೊರುತ್ತಿದ್ದ. ನಾನು ಶಾಲೆ ಬಿಟ್ಟು ಬಾಜು ಮನೆಯವರ ಹೊಲಿಗೆ ಮಷಿನ್ನಿನ ಮೇಲೆ ಅವರಿವರ ಲಂಗ, ಚೀಲ ಹೊಲಿಯುತ್ತಿದ್ದೆ. ಉದ್ಯೋಗ ಕಚೇರಿಯಲ್ಲಿ ಅಪ್ಪ ನನ್ನ ಹೆಸರು ಬರೆಸಿಟ್ಟಿದ್ದ. ಅಲ್ಲಿಂದ ಕರೆ ಬಂತು: ಬೆಳಗಾವಿಯ ಸರ್ಕಾರಿ ಬಸ್ಸಿನ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಬೇಕಾಗಿದ್ದಾರೆ, ಸೀಟು ಹೊಲಿಯುವ ಕೆಲಸ, ಕಲಿತ ಮೇಲೆ ಜಾಗವಿದ್ದರೆ ಕಾಯಂ ಮಾಡುತ್ತಾರೆ. ಹೋದೆ. ಆ ವರ್ಷ ಫಿಟ್ಟರ್, ವೆಲ್ಡರ್, ಪೇಂಟರ್ ಎಂದು ಬಂದವರೆಲ್ಲ ಗಂಡುಹುಡುಗರು. ಹೆಣ್ಣು ಎಂದರೆ ನಾನೊಬ್ಬಳು.

ಸಾಹೇಬರು ನನ್ನನ್ನು ಸೀಟು ವಿಭಾಗಕ್ಕೆ ಕರೆದುಕೊಂಡು ಹೋದರು. ತಗಡಿನ ಛಾವಣಿಯ ಉದ್ದನೆಯ ಕೋಣೆ. ಒಂದು ಕಡೆ ಹರಿದ ಸೀಟುಗಳ ರಾಶಿ, ಇನ್ನೊಂದು ಕಡೆ ತೆಂಗಿನ ನಾರಿನ ರಾಶಿ, ನಡುವೆ ಗೋಣಿಯ ಮೇಲೆ ಕುಳಿತ ತೆಳ್ಳಗಿನ ಮನುಷ್ಯ. ತಲೆಯ ಟೋಪಿಗೆ ಬಾಗಿದ ದಬ್ಬಣ ಚುಚ್ಚಿಕೊಂಡಿದ್ದರು.

"ಏನ್ ಮಾಡೂಣು ಉಸ್ತಾದ್? ಹೆಣ್ಣುಹುಡುಗಿನ್ನ ಕಳಿಸ್ಯಾರ," ಎಂದರು ಸಾಹೇಬರು.

"ಕಳಿಸ್ಯಾರಂದ್ರ ಇರಲಿ ಬಿಡ್ರಿ. ಆಗಲಿಲ್ಲಂದ್ರ ತಾನ ಹೋಗ್ತಾಳ."

"ನಾ ಹೋಗಂಗಿಲ್ಲ," ಎಂದೆ ನಾನು.

ಉಸ್ತಾದರು ತಲೆಯೆತ್ತಿ ನೋಡಿದರು. "ಯಾವೂರು?"

"ಖಾನಾಪುರ."

"ಖಾನಾಪುರ, ಆ ಮೂಲ್ಯಾಗ ಹರದ ಸೀಟ ಅದಾವ. ಬಿಚ್ಚಲಿಕ್ಕೆ ಕುಂದರು."

ಬಿಚ್ಚಲು ಕುಳಿತವಳು ಮಳೆಗಾಲ ಮುಗಿಯುವವರೆಗೂ ಬಿಚ್ಚಿದೆ. ಮಷಿನ್ ಮುಟ್ಟಲು ಬಿಡಲಿಲ್ಲ. ಹಳೆಯ ರೆಕ್ಸಿನ್ ಕಿತ್ತು, ಒಳಗಿನ ಗೋಣಿತಟ್ಟು ಬಿಡಿಸಿ, ನಾರು ಕೊಡವಿ ಬಿಸಿಲಿಗೆ ಹಾಕುವುದು. ಮೂಗಿನ ತುಂಬ ಧೂಳು. ಸೀಟಿನ ಸಂದಿಯಿಂದ ಏನೇನೋ ಬೀಳುತ್ತಿತ್ತು. ಹೇರ್‌ಪಿನ್ನು, ಬೀಡಿ ತುಂಡು, ಕೂಸಿನ ಕಾಲುಚೀಲ. ಉಸ್ತಾದರು ಬಿದ್ದದ್ದನ್ನು ನೋಡಿಯೇ ಗಾಡಿ ಯಾವ ಕಡೆಯದೆಂದು ಹೇಳುತ್ತಿದ್ದರು. ಗೋಡಂಬಿ ಸಿಪ್ಪೆ ಬಿದ್ದರೆ ನಮ್ಮ ಖಾನಾಪುರದ ಕಡೆಯದು. ಕಬ್ಬಿನ ಸಿಪ್ಪೆ ಬಿದ್ದರೆ ಅಥಣಿಯದು. ಒಣಮೀನಿನ ವಾಸನೆ ಬಂದರೆ ಗೋವೆಗೆ ಹೋಗಿ ಬಂದದ್ದು. ಒಮ್ಮೆ ಒಂದು ಸೀಟಿನೊಳಗೆ ಗಟ್ಟಿಯಾದ ಕುಂದಾದ ಉಂಡೆ ಸಿಕ್ಕಿತು.

"ಇದು?" ಎಂದೆ.

"ಇದು ನಮ್ಮ ಸಿಟಿ ಬಸ್. ಯಾಂವೋ ಮಾವನ ಮನಿಗೆ ಒಯ್ಯಾವ, ದಾರ್ಯಾಗ ತಾನ ತಿಂದಾನ."

ನಕ್ಕರೆ ಅವರ ಮೈ ಪೂರ್ತಿ ಅಲುಗಾಡುತ್ತಿತ್ತು, ಆದರೆ ಸದ್ದು ಬರುತ್ತಿರಲಿಲ್ಲ. ನಗುತ್ತಾರೋ ಕೆಮ್ಮುತ್ತಾರೋ ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ನಮ್ಮ ಅವ್ವನ ಸಂಗತಿಯನ್ನೂ ಹೇಳಬೇಕು. ಅವ್ವ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವಳಲ್ಲ. ಉಸ್ತಾದರು ಮುಸಲ್ಮಾನರೆಂದು ಕೇಳಿ, "ಕೆಲಸ ಕಲಿ, ಆದರ ಅವರ ಗಡಿಗ್ಯಾನ ನೀರ ಕುಡೀಬ್ಯಾಡ" ಎಂದು ತಾಕೀತು ಮಾಡಿ ಕಳಿಸಿದ್ದಳು. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೂ ವಾರದೊಳಗೆ ಮೂಲೆಯಲ್ಲಿ ಒಂದು ಹೊಸ ಗಡಿಗೆ ಬಂದು ಕೂತಿತ್ತು. "ನಿಮ್ಮೂರಿಂದ ತರಿಸೀನಿ. ನಿಮ್ಮೂರ ಮಣ್ಣು, ನಿನಗ ಒಗ್ತದ," ಎಂದರು. ಬೇಸಿಗೆ ಬಂದಾಗ ಯಾವ ಗಡಿಗೆಯಲ್ಲಿ ನೀರಿದೆಯೋ ಅದರಲ್ಲಿ ಇಬ್ಬರೂ ಕುಡಿದೆವು. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಅರ್ಧ ದಿನಾಲೂ ಅವರ ರೊಟ್ಟಿಯ ಮೇಲೆ ಹೋಗುತ್ತಿತ್ತು. ಅವರ ಬೇಗಂ ರಂಜಾನ್ ಹಬ್ಬಕ್ಕೆ ಕಳಿಸಿದ ಶೀರ್‌ಖುರ್ಮಾದ ಡಬ್ಬಿಯನ್ನು ಮೊದಲ ವರ್ಷ ಅವ್ವ ಮುಚ್ಚಳವನ್ನೂ ತೆಗೆಯದೆ ಇಟ್ಟಳು. ಮರುವರ್ಷ ಹಬ್ಬದ ಮಾರನೆಯ ದಿನ ನಾನು ಬಾಗಿಲೊಳಗೆ ಕಾಲಿಡುವ ಮೊದಲೇ ಕೇಳಿದಳು: "ಡಬ್ಬಿ ಕಳಿಸಿಲ್ಲೇನು ಈ ಸಲ?"

ಕೊನೆಗೊಮ್ಮೆ ಮಷಿನ್ನಿಗೆ ಕೂರಿಸಿದರು. ಸೀಟು ಹೊಲಿದೆ. ಅಲ್ಲಿ ಉಸ್ತಾದರದೊಂದು ಕಾಯ್ದೆ ಇತ್ತು. ಹೊಸಬರು ಯಾರೇ ಹೊಲಿಯಲಿ, ಆ ಸೀಟನ್ನು ಗಾಡಿಗೆ ಜೋಡಿಸಿದ ದಿನ ಅದರ ಮೇಲೆ ತಾವೇ ಕುಳಿತು ಖಾನಾಪುರದವರೆಗೆ ಹೋಗಬೇಕು. ಆಗ ಆ ರಸ್ತೆ ಹಾಗಿತ್ತು. ಅದನ್ನು ದಾಟಿದ ಸೀಟು ಎಲ್ಲಿ ಬೇಕಾದರೂ ಬಾಳುತ್ತದೆಂದು ಅವರ ಲೆಕ್ಕ. ಹೊಲಿದವರು ನಾವೇ ಎಂದು ಯಾರಿಗೂ ಹೇಳಬಾರದು. ಬಾಜು ಕುಳಿತವರು ಏನು ಅನ್ನುತ್ತಾರೋ ಕೇಳಿಕೊಂಡು ಬಂದು ಮರುದಿನ ಒಪ್ಪಿಸಬೇಕು. ಉಳಿದವರು ಹೋಗಿ ಮರಳಿ ಬರಬೇಕಾಗಿತ್ತು. ನನಗೆ ಅದೇ ಮನೆಯ ದಾರಿ.

ನನ್ನ ಮೊದಲ ಸೀಟನ್ನು ನಾನು ಎಷ್ಟು ಬಿಗಿಯಾಗಿ ಎಳೆದು ಹೊಲಿದಿದ್ದೆನೆಂದರೆ ಬಡಿದರೆ ಹಲಗಿ ವಾದ್ಯದಂತೆ ಸದ್ದು ಬರುತ್ತಿತ್ತು. ಒಂದು ಸುಕ್ಕಿಲ್ಲ, ಕನ್ನಡಿಯಂತೆ ಹೊಳಪು. ಬಹಳ ಚೆಂದ ಮಾಡಿದ್ದೇನೆಂದು ಹೆಮ್ಮೆಯಿಂದ ಕುಳಿತೆ. ಬಾಜು ವಯಸ್ಸಾದ ಒಬ್ಬ ಆಯಿ ಬಂದು ಕೂತಳು, ತೊಡೆಯ ಮೇಲೆ ಬದನೆಕಾಯಿಯ ಬುಟ್ಟಿ. ದೇಸೂರಿನ ಹತ್ತಿರ ಡ್ರೈವರ್ ಬ್ರೇಕ್ ಒತ್ತಿದ. ಆಯಿ ಸರ್ರನೆ ಜಾರಿ ಮುಂದಿನ ಸೀಟಿನ ಕೆಳಗೆ ಹೋದಳು. ಬದನೆಕಾಯಿ ಡ್ರೈವರನ ಕಾಲಿನವರೆಗೆ ಉರುಳಿದವು. ಕಂಡಕ್ಟರ್ ಅವಳನ್ನು ಎತ್ತಿ ಕೂರಿಸಿದ. ಮುಂದಿನ ತಿರುವಿನಲ್ಲಿ ಮತ್ತೆ ಜಾರಿದಳು. ಈ ಸಲ ನನ್ನನ್ನೂ ಕರೆದುಕೊಂಡು ಹೋದಳು.

"ಅಯ್ಯ ಯವ್ವಾ! ಇದ ಸೀಟೋ ಜಾರಬಂಡಿಯೋ? ಹೊಲದಾವನ ಕೈ ಸೇದಲಿ!"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನಗೆ ಅದು ಯಾವತ್ತೂ ಆಗದ ಕೆಲಸ.

"ಹೊಲದಾವ ಅಲ್ಲ ಆಯಿ, ಹೊಲದಾಕಿ. ನಾನ."

ಆಯಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಖರೇನ? ಮದುವಿ ಆಗೇತೇನು?"

"ಇಲ್ಲ."

"ಮತ್ತ ಆಗು. ಗಂಡನ ಅಂಗಿ ಹೊಲಿ. ಅಂಗಿ ಬಿಗಿ ಆದ್ರ ಅವನೊಬ್ಬಾವ ಒದ್ದಾಡ್ತಾನ, ಊರ ಮಂದಿ ಬೀಳೂದಿಲ್ಲ." ಹೇಳಿ, ಬುಟ್ಟಿಯಿಂದ ಎರಡು ಬದನೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಸುಮ್ಮನ ಅಂದೆ, ಸಿಟ್ಟ ಆಗಬ್ಯಾಡ."

ಮರುದಿನ ಎಲ್ಲವನ್ನೂ ಹಾಗೆಯೇ ಒಪ್ಪಿಸಿದೆ. ಉಸ್ತಾದರ ಮೈ ಅಲುಗಿತು, ಅಲುಗುತ್ತಲೇ ಇತ್ತು. ಕೊನೆಗೆ ಕಣ್ಣು ಒರೆಸಿಕೊಂಡು, "ರೆಕ್ಸಿನ್ ಚಂದ ಕಾಣಬೇಕಂತ ಎಳದಿ. ಅದನ್ನ ನೋಡಲಿಕ್ಕೆ ಯಾರೂ ಟಿಕೀಟ್ ತಗೊಳ್ಳಂಗಿಲ್ಲ. ಬಿಚ್ಚು," ಎಂದರು. ಮತ್ತೆ ಬಿಚ್ಚಿದೆ.

ಬೈಯುವಾಗ ದನಿ ಏರಿಸಿದವರಲ್ಲ. ಹೊಗಳಿದ್ದಂತೂ ಇಲ್ಲವೇ ಇಲ್ಲ. ಸೀಟು ಸರಿಯಾಗಿದ್ದರೆ ಎಮ್ಮೆಯ ಬೆನ್ನು ತಟ್ಟಿದಂತೆ ಅದನ್ನು ಒಂದು ಸಲ ತಟ್ಟಿ ಬಾಜು ಸರಿಸುತ್ತಿದ್ದರು. ತಟ್ಟುವುದು ಸೀಟಿಗೆ, ನನಗಲ್ಲ. ಬರಬರುತ್ತ ತಟ್ಟಿಸಿಕೊಂಡ ಸೀಟುಗಳು ಹೆಚ್ಚಾದವು. ಆದರೆ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಅಪ್ರೆಂಟಿಸ್ ಮುಗಿಯುವ ಕಾಲ ಬಂತು. ಫಿಟ್ಟರ್ ಹುಡುಗರಲ್ಲಿ ಇಬ್ಬರಿಗೆ ಕಾಯಂ ಆಗುವ ಸುದ್ದಿ ಬಂದಿತ್ತು. ಸೀಟು ವಿಭಾಗದಲ್ಲಿ ಒಂದು ಜಾಗ ಖಾಲಿ ಇತ್ತು, ಉಸ್ತಾದರಿಗೂ ನಿವೃತ್ತಿ ಹತ್ತಿರವಿತ್ತು. ಆದರೆ ಸಾಹೇಬರಿಗೆ ಹೆಣ್ಣುಹುಡುಗಿಯನ್ನು ಇಟ್ಟುಕೊಳ್ಳುವ ಮನಸ್ಸಿರಲಿಲ್ಲ. ಬೇರೆ ಊರಿನ ವರ್ಕ್‌ಶಾಪಿನಿಂದ ಒಬ್ಬನನ್ನು ವರ್ಗ ಮಾಡಿಸಿಕೊಂಡರಾಯಿತು ಎನ್ನುತ್ತಿದ್ದರಂತೆ. ಉಸ್ತಾದರನ್ನು ಒಂದು ಮಾತು ಕೇಳುತ್ತಾರೆ, ಅವರು ಹೂಂ ಎಂದರೆ ಹೂಂ, ಉಹುಂ ಎಂದರೆ ಉಹುಂ. ಇದು ಇಡೀ ವರ್ಕ್‌ಶಾಪಿಗೆ ಗೊತ್ತಿತ್ತು.

ಮನೆಯಲ್ಲಿ ನಂದಗಡದ ಒಂದು ಸಂಬಂಧ ಬಂದು ಕೂತಿತ್ತು. ಸಂತೆಯಲ್ಲಿ ಬಟ್ಟೆ ಅಂಗಡಿ ಹಾಕುವ ಮನೆತನ. ಹುಡುಗ ಕೆಟ್ಟವನಲ್ಲ. ಆದರೆ ಸೊಸೆ ಹೊಸ್ತಿಲು ದಾಟಿ ಕೆಲಸಕ್ಕೆ ಹೋಗಬಾರದು ಎಂದು ಮೊದಲೇ ಹೇಳಿದ್ದರು. ಅಪ್ಪ, "ಕಾಯಂ ಆದ್ರ ನಂದಗಡದವರಿಗೆ ಬ್ಯಾಡ ಅಂತೀನಿ. ಆಗಲಿಲ್ಲಂದ್ರ ಎಷ್ಟ ದಿನಾ ಅಂತ ಇಟಗೊಂಡ ಕುಂದರಲಿ?" ಎಂದ. ಅವನ ಮಾತೂ ತಪ್ಪಲ್ಲ. ಹಾಗಾಗಿ ನನ್ನ ಮುಂದಿನ ಬದುಕೆಲ್ಲ ಉಸ್ತಾದರ ಒಂದು ಹೂಂ ಮೇಲೆ ನಿಂತಿತ್ತು. ಅವರೋ ಹೂಂ ಅನ್ನುವ ಮನುಷ್ಯರಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಉಸ್ತಾದ್, ಸಾಹೇಬ್ರು ಕೇಳಿದ್ರ ಏನ್ ಹೇಳ್ತೀರಿ?"

"ಡ್ರೈವರ್ ಸೀಟ್ ಮಾಡೀಯೇನು?"

"ಇಲ್ಲ. ನೀವ ಕೊಟ್ಟಿಲ್ಲ."

"ಮಂದಿ ಒಂದ ತಾಸ ಕುಂತು ಇಳದ ಹೋಗ್ತಾರ. ಡ್ರೈವರ್ ದಿನಪೂರ್ತಿ ಕುಂದರ್ತಾನ. ಮಾಮಾನ ಸೀಟ್ ಬಂದದ, ನೋಡು."

ಮಾಮಾ ಎಂದರೆ ಖಾನಾಪುರ–ನಂದಗಡದ ಗಾಡಿಯ ಡ್ರೈವರ್. ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ವರ್ಕ್‌ಶಾಪಿನಿಂದ ಬಂದ ಯಾವ ಗಾಡಿಯನ್ನೂ ಅವರು ಬೈಯದೆ ಹೊರಗೆ ತೆಗೆದವರಲ್ಲ. ಅವರ ಮೈಗೆ ಸೀಟು ಮಾಡಬೇಕೆಂದರೆ ಅಳತೆ ಬೇಕು. ನಾನು ಮದುವೆಯಾಗದ ಹುಡುಗಿ, ಗಂಡಸು ಹೇಗೆ ಕೂರುತ್ತಾನೆಂದು ಹೋಗಿ ನೋಡುತ್ತಾ ನಿಲ್ಲಲಾಗುತ್ತದೆಯೇ? ಅದಕ್ಕೆ ಹಳೆಯ ಸೀಟನ್ನೇ ನೋಡಿದೆ. ಬಲಗಡೆ, ಕಿಟಕಿಯ ಕಡೆಗೆ, ಆಳವಾಗಿ ಕುಸಿದಿತ್ತು. ಅಲ್ಲಿ ನಾರು ಸೋತಿದೆ ಎಂದುಕೊಂಡು ಬಲಗಡೆ ಗಟ್ಟಿ ನಾರು ಒತ್ತಿ ಒತ್ತಿ ತುಂಬಿ ಎತ್ತರಿಸಿದೆ. ಉಸ್ತಾದರು ಬಂದು ನೋಡಿದರು. ತಟ್ಟಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೀಟು ಗಾಡಿಗೆ ಹೋಯಿತು.

ಅದೇ ಸಂಜೆ ಮಾಮಾ ನಂದಗಡದಿಂದ ಬಂದವರೇ ಗಾಡಿಯನ್ನು ವರ್ಕ್‌ಶಾಪಿನ ಬಾಗಿಲಿಗೆ ತಂದು ನಿಲ್ಲಿಸಿ ಕೂಗಲು ಶುರು ಮಾಡಿದರು.

"ಯಾರಂವ ಸೀಟ್ ಮಾಡಿದಾಂವ? ಬಲಕ್ಕ ಗುಡ್ಡಾ ಕಟ್ಟೀರೇನು? ಮೈಯೆಲ್ಲಾ ಎಡಕ್ಕ ವಾಲ್ತದ! ಕಿಟಕಿ ಹೊರಗ ಉಗುಳಾಕ ಬರವಲ್ದು! ಹೋಗೂತ್ಲೆ ಬರೂತ್ಲೆ ತಂಬಾಕ ನುಂಗಿಕೋತ ಹೋಗೀನಿ, ಹೊಟ್ಟಿ ತೊಳಸಾಕತ್ತೇದ!"

ವರ್ಕ್‌ಶಾಪಿಗೆ ವರ್ಕ್‌ಶಾಪೇ ಹೊರಗೆ ಬಂದು ನಕ್ಕಿತು. ಸಾಹೇಬರು ಕಿಟಕಿಯಿಂದ ಇಣುಕಿ ಒಳಗೆ ಹೋದರು. ನನ್ನ ಕಾಯಂ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಳಗೆ ಬಂದು ಉಸ್ತಾದರ ಮೇಲೆ ಹರಿಹಾಯ್ದೆ.

"ನಿಮಗ ಗೊತ್ತಿತ್ತು."

"ಗೊತ್ತಿತ್ತು. ಅಂವ ಬಲಕ್ಕ ವಾಲಿ ಕುಂದರ್ತಾನ."

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಯಾಕ ಕೇಳ್ಲಿಲ್ಲ? ಸೀಟ್ ನೋಡಿದಿ, ಮೂಸಿದಿ, ಸೀಟಿಗೆ ಬಾಯಿ ಐತೇನು? ಅಂವಗ ಐತಿ. ಬೆಳಗಾವಿ ತುಂಬಾ ಕೇಳ್ತದ."

"ಹೆಣ್ಣುಹುಡುಗಿ ಹೋಗಿ ಹ್ಯಾಂಗ ಕೇಳಲಿ ಅಂಥಾದ್ದನ್ನ?"

"ಹಂಗಂದ್ರ ಸಾಹೇಬ್ರು ಅನ್ನೂದು ಖರೇನ ಆತು," ಎಂದು ಅವರು ದಾರಕ್ಕೆ ಮೇಣ ಹಚ್ಚತೊಡಗಿದರು.

ಆ ಮಾತು ನನಗೆ ಚಾಟಿ ಬೀಸಿದಂತಾಯಿತು. ನಂದಗಡದ ಹೊಸ್ತಿಲು ಕಣ್ಣ ಮುಂದೆ ಬಂತು. ಮರುದಿನ ಬೆಳಿಗ್ಗೆ ಗೇಟಿನ ಚಹಾದಂಗಡಿಗೆ ನೆಟ್ಟಗೆ ನಡೆದೆ. ಡ್ರೈವರುಗಳೆಲ್ಲ ಬೆಂಚಿನ ಮೇಲೆ ಕುಳಿತಿದ್ದರು. ಎಲ್ಲರ ಮುಂದೆ ನಿಂತು ಕೇಳಿದೆ:

"ಮಾಮಾ, ನಿಮಗ ಕುಂಡಿ ಎಲ್ಲಿ ನೋಯ್ತದ, ಹೇಳ್ರಿ."

ಒಬ್ಬನ ಮೂಗಿನಿಂದ ಚಹಾ ಬಂತು. ಬೆಂಚು ಬೆಂಚೇ ಹೊರಳಾಡಿ ನಕ್ಕಿತು. ಮಾಮಾನ ಮುಖ ಕೆಂಪಾಗಿ, ಆ ದೊಡ್ಡ ಬಾಯಿ ಮೊದಲ ಸಲ ಮುಚ್ಚಿತು. ನಾನು ಅಲ್ಲಾಡಲಿಲ್ಲ. "ನಗೂದಾದ ಮ್ಯಾಲ ಹೇಳ್ರಿ. ಸೀಟ್ ಇವತ್ತ ಆಗಬೇಕು," ಎಂದೆ.

ಮಾಮಾ ಎದ್ದು ನನ್ನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಅತ್ತಿತ್ತ ನೋಡಿ, ಕಿವಿಯಲ್ಲಿ ಹೇಳುವಷ್ಟು ಮೆತ್ತಗೆ ಹೇಳಿದರು. "ಮೂಲವ್ಯಾಧಿ ಐತಿ ತಂಗಿ. ನೆಟ್ಟಗ ಕುಂದರಾಕ ಬರೂದಿಲ್ಲ, ಅದಕ್ಕ ವಾಲ್ತೀನಿ. ತಂಬಾಕ ಉಗುಳೂದು ನೆವ. ಯಾರ ಮುಂದೂ ಅನಬ್ಯಾಡ."

ಆಮೇಲೆ ಕೆಲವು ವರ್ಷಕ್ಕೆ ಆಪರೇಷನ್ ಮಾಡಿಸಿಕೊಂಡು ಬಂದು ಮಾಮಾ ತಾವೇ ಅದನ್ನು ಕಥೆ ಮಾಡಿ ಡಿಪೋ ತುಂಬ ಹೇಳಿಕೊಂಡು ತಿರುಗಿದರು, ಅದಕ್ಕೆ ಇಲ್ಲಿ ಬರೆದೆ. ಆವತ್ತು ಮಾತ್ರ ಯಾರಿಗೂ ಹೇಳಲಿಲ್ಲ. ಸೀಟು ಬಿಚ್ಚಿದೆ. ಎರಡೂ ಬದಿಗೆ ಒಂದೇ ಸಮನೆ ನಾರು ತುಂಬಿ, ನಡುವೆ ಬೊಗಸೆಯಷ್ಟು ತಗ್ಗು ಬಿಟ್ಟು, ಆ ತಗ್ಗಿನೊಳಗೆ ಮೆತ್ತಗಿನ ಹತ್ತಿ ಹಾಕಿ ಹೊಲಿದೆ. ಉಸ್ತಾದರು ಬಂದು ಕೈಯಾಡಿಸಿದರು. ಕೈ ತಗ್ಗಿನಲ್ಲಿ ನಿಂತಿತು.

"ಇದೇನು?"

"ತಗ್ಗು."

"ಯಾಕ?"

"ಅದು ಮಾಮಾಗ ಗೊತ್ತು, ನನಗ ಗೊತ್ತು. ನಿಮಗ ಬೇಕಾದ್ರ ಅವರನ್ನ ಹೋಗಿ ಕೇಳ್ರಿ."

ಉಸ್ತಾದರು ನನ್ನ ಮುಖವನ್ನು ನೋಡಿದರು. ಸೀಟನ್ನು ತಾವೇ ಎತ್ತಿಕೊಂಡು ಹೋಗಿ ಗಾಡಿಗೆ ಕೂರಿಸಿ ಬಂದರು.

ಮಾಮಾ ಗಾಡಿ ತೆಗೆದುಕೊಂಡು ಹೋದರು. ಆ ಸಂಜೆ ಬರಲಿಲ್ಲ. ಆ ರಾತ್ರಿ ಗಾಡಿಗೆ ನಂದಗಡದಲ್ಲೇ ವಸತಿ ಇತ್ತು. ನಾನು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಮರುದಿನ ಮಾಮಾ ಗಾಡಿ ತಂದು ನಿಲ್ಲಿಸಿದರು, ಇಳಿದರು, ಗೇಟಿಗೆ ಹೋಗಿ ಚಹಾ ಕುಡಿದರು, ಮತ್ತೆ ಹತ್ತಿ ಹೋದರು. ಒಂದು ಬೈಗುಳವಿಲ್ಲ. ಜನ ಕಾದಿದ್ದರು, ಬೇಜಾರಾಗಿ ಒಳಗೆ ಹೋದರು.

ಆ ಹೊತ್ತಿಗೆ ಸಾಹೇಬರು ಸೀಟು ವಿಭಾಗಕ್ಕೆ ಬಂದರು. ನಾನು ಅಲ್ಲೇ ಇದ್ದೇನೆಂಬುದನ್ನು ಲೆಕ್ಕಿಸದೆ ಕೇಳಿದರು. "ನಾಳೆ ಮ್ಯಾಲಿನವರಿಗೆ ತಿಳಿಸಬೇಕು ಉಸ್ತಾದ್. ಆ ವರ್ಗ ಆಗಿ ಬರಾವನ್ನ ಕರಸಿಕೊಳ್ಳೂಣ ಅಲ್ಲ? ಡ್ರೈವರ್ ಸೀಟ್ ಅಂಥಾದ್ದು ಈ ಹುಡುಗಿ ಕಡೆ ಹ್ಯಾಂಗ ಬಿಡೂದು?"

"ಮಾಮಾ ಈಗ ಹೋದ. ನೋಡಿದ್ರೇನ್ರಿ?"

"ನೋಡಿದೆ."

"ಏನಂದ?"

"ಏನೂ ಅನ್ಲಿಲ್ಲ."

"ನಿಮ್ಮ ಸರ್ವೀಸದಾಗ ಅಂವ ಏನೂ ಅನ್ದಂಗ ಹೋಗಿದ್ದು ಯಾವಾಗರ ನೋಡೀರೇನ್ರಿ?"

ಸಾಹೇಬರು ಬಾಗಿಲ ಕಡೆ ನೋಡಿದರು, ಮಾಮಾ ಇನ್ನೂ ಅಲ್ಲೇ ಇದ್ದಾರೇನೋ ಎಂಬಂತೆ. "ಅದು ಖರೇನ ಬಿಡ್ರಿ," ಎಂದರು. "ಆದರ ನಿಮ್ಮ ಹಿಂದ ಇಕಿ ಒಬ್ಬಾಕಿ ಸಂಭಾಳಸ್ತಾಳೇನು? ಅದನ್ನ ಹೇಳ್ರಿ."

ಉಸ್ತಾದರು ಟೋಪಿಯಿಂದ ದಬ್ಬಣ ತೆಗೆದರು, ದಾರ ಪೋಣಿಸಿದರು, ಗಂಟು ಹಾಕಿದರು. ಆಮೇಲೆ ಹೇಳಿದರು:

"ನಾಳಿಯಿಂದ ನಾ ತಡಾ ಮಾಡಿ ಬರ್ತೀನ್ರಿ, ಸಾಹೇಬ್ರ."

ಸಾಹೇಬರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕು, "ಆತು ಹಂಗಾರ," ಎಂದು ಹೋದರು. ನಂದಗಡದವರಿಗೆ ಆ ವಾರವೇ ಅಪ್ಪ ಬೇಡವೆಂದು ಹೇಳಿಕಳಿಸಿದ.

ಅವರು ಸುಮ್ಮನೆ ಅಂದಿದ್ದಾರೆ ಎಂದುಕೊಂಡಿದ್ದೆ. ಮರುದಿನ ಸೈರನ್ ಆಯಿತು, ಉಸ್ತಾದರಿಲ್ಲ. ಎಲ್ಲರ ಕೆಲಸ ಶುರುವಾಯಿತು, ಉಸ್ತಾದರಿಲ್ಲ. ನಾನೇ ಸೀಟುಗಳನ್ನು ನೋಡಿ ಯಾವುದು ಮೊದಲು ಎಂದು ಆರಿಸಿದೆ, ನಾನೇ ರೆಕ್ಸಿನ್ ಕತ್ತರಿಸಿದೆ, ಮಷಿನ್ನಿಗೆ ಕುಳಿತೆ. ಬಿಸಿಲು ಏರಿದ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಕೈ ಹಿಂದೆ ಕಟ್ಟಿಕೊಂಡು, ಯಾರದೋ ಮನೆಗೆ ಬಂದ ಬೀಗರಂತೆ ಹೊರಗೇ ನಿಂತಿದ್ದರು.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?"

"ಎಲ್ಲೂ ಇಲ್ಲ. ಮನ್ಯಾಗ ಎರಡನೇ ಕಪ್ ಚಾ ಕುಡದೆ. ಇಷ್ಟ ವರ್ಷ ಒಂದ ಕುಡದು ಓಡಿ ಬರ್ತಿದ್ದೆ. ಬೇಗಂ ಗಾಬರಿ ಆದ್ಳು, ಜ್ವರ ಬಂತೇನಂತ."

ಅವರು ಅಲ್ಲಿಯೇ ನಿಂತು ನನ್ನ ಕೈಯನ್ನು ನೋಡತೊಡಗಿದರು. ನಾನು ಹೊಲಿಗೆಯ ನಡುವೆ ಇದ್ದೆ.

"ಬಾಜು ಸರದ ನಿಂದರ್ರಿ ಉಸ್ತಾದ್," ಎಂದೆ. "ಬೆಳಕ ಬರವಲ್ದು."

ಅವರು ಸರಿದು ನಿಂತರು.